ಬೇರಿಂಗ್ ಬಳೆಯ ಉಸ್ತರಾ

ನಾನು ನಿವೃತ್ತನಾದಾಗ ನನಗೆ ಹದಿನೇಳು ವರ್ಷ ತುಂಬಿ ಎರಡು ತಿಂಗಳಾಗಿತ್ತು. ನಗಬೇಡಿ. ಮೂರು ವರ್ಷ ದುಡಿದಿದ್ದೇನೆ. ಆ ಮೂರು ವರ್ಷಗಳಲ್ಲಿ ನನ್ನ ಮೂಗಿನೊಳಗೆ ಹೋದ ಕಬ್ಬಿಣದ ಪುಡಿಯನ್ನು ಒಟ್ಟುಮಾಡಿದ್ದರೆ ಕಲ್ಯಾಣದ ಕೋಟೆಗೆ ಇನ್ನೊಂದು ತೋಪು ಎರಕ ಹೊಯ್ಯಬಹುದಿತ್ತು. ನನ್ನ ಉಸ್ತಾದ ಮಸ್ತಾನ್ ಸಾಹೇಬರು ಹೈದರಾಬಾದಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದರು. ಅವರು ಬಂದ ದಿನವೇ ನನ್ನ ನೌಕರಿ ಹೋಯಿತು. ಯಾಕೆಂದರೆ ನಾನು ಅವರ ಹತ್ತಿರ ಇದ್ದದ್ದೇ ಕಣ್ಣಾಗಿ.

ಈಗ ಅವರ ಸಾಣೆ ತಿರುಗಿಸಲು ಇಬ್ಬರು ಹೊಸ ಹುಡುಗರು ಬಂದಿದ್ದಾರೆ. ಈ ಬರವಣಿಗೆ ಅವರಿಗಾಗಿ. ಒಬ್ಬನಿಗೆ ಓದಲು ಬರುವುದಿಲ್ಲ. ಇನ್ನೊಬ್ಬನಿಗೆ ಬರುತ್ತದೆ, ಆದರೆ ಅವನು ಓದಿ ಹೇಳುವಾಗ ತನ್ನದೂ ನಾಲ್ಕು ಸೇರಿಸುತ್ತಾನೆ. ಹುಡುಗ ಮುಂದೆ ಬರುತ್ತಾನೆ ಎಂದು ನನಗೆ ಭರವಸೆ ಇದೆ.

ನಾನು ಕಂಬಾರರ ಮಗ ಮೋನಪ್ಪ. ಶರಣರ ಕಲ್ಯಾಣ ನಮ್ಮೂರು. ಕೋಟೆ ಬಾಗಿಲಿಗೆ ಹೋಗುವ ಓಣಿಯಲ್ಲಿ ಅಪ್ಪನ ಕುಲುಮೆ, ಅದರ ಎದುರಿಗೇ ಮಸ್ತಾನ್ ಸಾಹೇಬರ ಸಾಣೆಯ ಅಂಗಡಿ. ಅಪ್ಪ ಕುಡಗೋಲು, ಕೊಡಲಿ, ಗಾಡಿಯ ಹಳಿ ಮಾಡುವವರು. ಸಾಹೇಬರು ಮುಟ್ಟುವುದು ಉಸ್ತರಾಗಳನ್ನು ಮಾತ್ರ. ಉಸ್ತರಾ ಎಂದರೆ ಗಡ್ಡ ಕೆರೆಯುವ, ಹಿಡಿಯೊಳಗೆ ಮಡಿಸುವ ಕತ್ತಿ. ಬೀದರದಿಂದ ಹುಲಸೂರಿನವರೆಗೆ ಯಾರ ಉಸ್ತರಾ ಮೊಂಡಾದರೂ ಅದು ನಮ್ಮ ಓಣಿಗೆ ಬರುತ್ತಿತ್ತು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರು ನನ್ನನ್ನು ಏನೇನು ಎನ್ನುತ್ತಿದ್ದರು ಎಂಬುದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಕೆಲಸಕ್ಕೆ ಸೇರುವಾಗ ನನಗೊಂದು ಪರೀಕ್ಷೆ ಇತ್ತು.

"ಏನ್ ಬರ್ತದ ನಿನಗ?" ಎಂದರು ಚಾಚಾ.

"ಎಲ್ಲಾ ಬರ್ತದ್ರಿ."

"ಎಲ್ಲಾ ಬರೋರು ಹೈದ್ರಾಬಾದಿನಾಗ ದಿವಾನ ಆಗ್ತಾರ, ಇಲ್ಲಿಗಿ ಬರಾಂಗಿಲ್ಲ. ಅಲ್ಲಿ ಬಾಗಲ ಮ್ಯಾಲ ಏನರೆ ಕುಂತದೇನು ನೋಡು."

"ಮೊಸಳಿ ಮರಿ ಕುಂತದ್ರಿ."

"ನೆಟ್ಟಗ ಹೇಳು."

"ಹಲ್ಲಿರಿ. ಬೂದಿ ಬಣ್ಣ. ಬೆನ್ನ ಮ್ಯಾಲ ಐದು ಕಪ್ಪು ಚುಕ್ಕಿ. ಬಾಲ ಹರದು ಹೊಸಾದು ಚಿಗರಾಕತ್ತದ."

ಚಾಚಾ ತಮ್ಮ ಉದ್ದನೆಯ ಬಿಳಿ ಗಡ್ಡ ನೀವಿಕೊಂಡರು. ಅವರ ಕಣ್ಣುಗಳ ಮೇಲೆ ಹಾಲಿನ ಕೆನೆಯಂಥ ಪೊರೆ ಬಂದಿತ್ತು. ಎದುರಿಗಿದ್ದವರ ಆಕಾರ ಕಾಣುತ್ತಿತ್ತು, ಬಣ್ಣ ಕಾಣುತ್ತಿರಲಿಲ್ಲ. ಉಕ್ಕಿನ ಕೆಲಸದಲ್ಲಿ ಬಣ್ಣ ಕಾಣದಿದ್ದರೆ ಅರ್ಧ ಕೆಲಸ ಹೋದಂತೆ.

"ಕಣ್ಣು ಚೊಲೋ ಅವ. ನಾಳಿಂದ ಬಾ. ಬಾಯಿ ಮನ್ಯಾಗ ಇಟ್ಟು ಬಾ," ಎಂದರು.

ಬಾಯಿ ನನ್ನೊಂದಿಗೇ ಬಂತು. ಅದಕ್ಕೆ ದಾರಿ ಗೊತ್ತಿತ್ತು.

ಮೊದಲ ದಿನ ನಾನು ಕಂಡದ್ದನ್ನು ಹೇಳುತ್ತೇನೆ. ಇದರಲ್ಲಿ ಸೇರಿಸಿದ್ದು ಏನೂ ಇಲ್ಲ, ಇದ್ದರೂ ಸ್ವಲ್ಪ. ಚಾಚಾ ಒಂದು ಉಸ್ತರಾವನ್ನು ಸಾಣೆಯ ಮೇಲೆ ಹಿಡಿದು, ಆಮೇಲೆ ಎಣ್ಣೆ ಹಾಕಿದ ನುಣುಪುಗಲ್ಲಿನ ಮೇಲೆ ತೀಡಿ, ಕೊನೆಗೆ ತೊಗಲ ಪಟ್ಟಿಯ ಮೇಲೆ ಅತ್ತ ಇತ್ತ ಸವರಿದರು. ಅಷ್ಟೂ ಹೊತ್ತು ಅವರು ಅಲಗಿನ ಕಡೆ ನೋಡಲೇ ಇಲ್ಲ. ಕಿವಿಯನ್ನು ಅದರ ಕಡೆ ವಾಲಿಸಿಕೊಂಡು ಕೂತಿದ್ದರು. ಪಟ್ಟಿಯ ಮೇಲೆ ಉಕ್ಕು ಹಾಡುವ ಸದ್ದು ಮೊದಲು ಒರಟಾಗಿತ್ತು, ಆಮೇಲೆ ತೆಳ್ಳಗಾಯಿತು, ಕೊನೆಗೆ ರೇಷ್ಮೆ ಹರಿದಂತಾಯಿತು. ಆಗ ನಿಲ್ಲಿಸಿ ನನ್ನ ತಲೆಯಿಂದ ಒಂದು ಕೂದಲು ಕಿತ್ತು, ಎರಡು ಬೆರಳಲ್ಲಿ ಹಿಡಿದು ಅಲಗಿನ ಮೇಲೆ ಇಳಿಬಿಟ್ಟರು. ಕೂದಲು ಎರಡಾಯಿತು. ಕತ್ತಿ ಅದನ್ನು ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಕೂದಲೇ ಹೆದರಿ ಎರಡಾಯಿತೆಂದು ಓಣಿಯ ಹುಡುಗರಿಗೆ ಹೇಳಿದೆ. ಆ ವಾರವೆಲ್ಲ ನಾನು ಬಾಯಿ ತೆರೆದುಕೊಂಡೇ ತಿರುಗಿದೆ. ಅಪ್ಪ ಎರಡು ಸಲ ನೊಣ ಹೋಗುತ್ತದೆಂದು ಎಚ್ಚರಿಸಿದರು.

ಆ ಕಾಲಕ್ಕೆ ನಮ್ಮ ಕಡೆ ಉಸ್ತರಾ ಯಾರೂ ಮಾಡುತ್ತಿರಲಿಲ್ಲ, ಸಾಣೆ ಹಿಡಿಯುತ್ತಿದ್ದರು ಅಷ್ಟೆ. ಜರ್ಮನಿಯ ಮಾಲು ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಸೋಲಾಪುರಕ್ಕೆ, ಅಲ್ಲಿಂದ ಹುಮನಾಬಾದಿನ ಸಂತೆಗೆ ಬರುತ್ತಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂತು, ನಾವಿದ್ದ ನಿಜಾಮರ ಸೀಮೆಗೆ ಬರಲಿಲ್ಲ. ಗಡಿಯ ದಾರಿಗಳು ಮುಚ್ಚಿದವು. ಸೀಮೆಎಣ್ಣೆ ನಿಂತಿತು, ಉಪ್ಪು ತುಟ್ಟಿಯಾಯಿತು, ಉಸ್ತರಾ ಬರುವುದು ನಿಂತೇಹೋಯಿತು. ಆಗ ಜನರ ಗಡ್ಡಗಳು ಬೆಳೆದದ್ದನ್ನು ನೀವು ನೋಡಬೇಕಿತ್ತು. ಎಷ್ಟೋ ಮಂದಿ ಸನ್ಯಾಸ ತೆಗೆದುಕೊಂಡರೆಂದು ಸುದ್ದಿಯಾಯಿತು. ಅವರು ಕ್ಷೌರಿಕರ ಸರದಿಗೆ ಕಾಯುತ್ತಿದ್ದರು ಅಷ್ಟೆ.

ಹುಮನಾಬಾದಿನ ಕ್ಷೌರಿಕ ಈರಪ್ಪ ನಮ್ಮಲ್ಲಿಗೆ ಬಂದದ್ದು ಆಗಲೇ. ಕುಳ್ಳನೆಯ, ಮೆಲುಮಾತಿನ ಮನುಷ್ಯ. ಅವರ ಹತ್ತಿರ ಎರಡು ಉಸ್ತರಾ ಇದ್ದವು. ದಿನದ ಕೆಲಸದ್ದು ಸವೆದು ಹುಲ್ಲಿನ ಎಸಳಿನಂತಾಗಿತ್ತು. ಇನ್ನೊಂದನ್ನು ಅವರು ರೇಷ್ಮೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಎಮ್ಮೆಯ ಕೊಂಬಿನ ಹಿಡಿ, ಕನ್ನಡಿಯಂಥ ಅಲಗು. ಅವರ ತಂದೆ ಮುಂಬಯಿಯಿಂದ ತಂದದ್ದು.

"ಇದಕ್ಕ ಜರಾ ಬಾಯಿ ಹಚ್ಚಿ ಕೊಡ್ರಿ ಮಸ್ತಾನ್‌ಭಾಯಿ," ಎಂದರು ಈರಪ್ಪ. ಬಾಯಿ ಎಂದರೆ ಅಲಗಿನ ಕೊಯ್ಯುವ ಅಂಚು. "ಮಗಳ ಲಗ್ನ ಆಗೋದದ. ಹುಲಸೂರಿನ ಹುಡುಗ. ಅವನ ಅಪ್ಪ ಸಿದ್ರಾಮಪ್ಪ, ನಮ್ಮ ಮಂದ್ಯಾಗ ಹಿರ್‍ಯಾ. ನಮ್ಮ ರೂಢಿ ನಿಮಗ ಗೊತ್ತದಲ್ಲ."

ಚಾಚಾನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಈರಪ್ಪ ಹೇಳಿದರು. ಅವರಲ್ಲಿ ಮದುವೆಯ ದಿನ ಹೆಣ್ಣಿನ ತಂದೆ ತನ್ನ ಮನೆಯ ಉಸ್ತರಾದಿಂದ ಅಳಿಯನ ಗಡ್ಡ ತೆಗೆಯಬೇಕು. ಬೀಗರ ಎದುರಿಗೆ, ಎಲ್ಲರ ಮುಂದೆ. ಆಮೇಲೆ ಅದೇ ಉಸ್ತರಾ ತೊಳೆದು ಅಳಿಯನ ಕೈಗೆ ಕೊಡಬೇಕು. ಹೆಣ್ಣಿನೊಂದಿಗೆ ಹೋಗುವ ಬಳುವಳಿ ಅದೇ. ಒಂದು ಹನಿ ರಕ್ತ ಬಂದರೆ ಬೀಗರು ಎದ್ದು ಹೋಗಬಹುದು, ಯಾರೂ ತಪ್ಪೆನ್ನುವುದಿಲ್ಲ.

"ನಮ್ಮ ಅಕ್ಕನ ಲಗ್ನ ಹಿಂಗs ಮುರದದ," ಎಂದರು ಈರಪ್ಪ. "ಈಗೂ ನಮ್ಮ ಮನ್ಯಾಗs ಅದಾಳ."

ಇಷ್ಟು ಕೇಳಿದ ಮೇಲೂ ನಾನು ಮಾಡಿದ್ದನ್ನು ಕೇಳಿ. ಚಾಚಾ ನಮಾಜಿಗೆ ಹೋಗಿದ್ದರು. ಓಣಿಯ ನಾಲ್ಕು ಹುಡುಗರು ಬಾಗಿಲಲ್ಲಿ ನಿಂತಿದ್ದರು. ಸಾಣೆಗೆ ನೀರು ಚಿಮುಕಿಸುತ್ತ ಮೆಲ್ಲಗೆ ಹಿಡಿದರೆ ಕಿಡಿ ಬರುವುದಿಲ್ಲ. ಕಿಡಿ ಬರದಿದ್ದರೆ ನೋಡುವವರಿಗೆ ಮಜಾ ಇಲ್ಲ. ನಾನು ನೀರು ನಿಲ್ಲಿಸಿ ಒತ್ತಿ ಹಿಡಿದೆ. ಕಿಡಿಗಳು ಎದ್ದವು ನೋಡಿ! ದೀಪಾವಳಿ ಮೂರು ತಿಂಗಳು ಮೊದಲೇ ಬಂತು. ಹುಡುಗರು ಕೇಕೆ ಹಾಕಿದರು. ನಾನು ಇನ್ನೂ ಒತ್ತಿದೆ. ಆಮೇಲೆ ಅಲಗು ನೋಡಿದರೆ ಬಾಯಿಯುದ್ದಕ್ಕೂ ಪಾರಿವಾಳದ ಕುತ್ತಿಗೆಯ ನೀಲಿ.

ಹೊಸ ಹುಡುಗರೇ, ಇದೊಂದನ್ನು ನೆನಪಿಡಿ. ಉಕ್ಕು ಕೆಂಪಗೆ ಕಾದಾಗ ಅದ್ದಿ ತಣಿಸುವುದಕ್ಕೆ ನೀರು ಕೊಡುವುದು ಎನ್ನುತ್ತಾರೆ. ಗಟ್ಟಿತನ ಬರುವುದು ಅದರಿಂದ. ಸಾಣೆಯ ಮೇಲೆ ಒಣಗಿ ಕಾದು ನೀಲಿಯಾದರೆ ಕೊಟ್ಟ ನೀರು ಇಳಿದುಹೋಯಿತೆಂದು ಅರ್ಥ. ಅಲಗು ನೋಡಲು ನವಿಲು, ಕೊಯ್ಯಲು ತವರ.

ಚಾಚಾ ಬಂದು ಉಗುರಿನಿಂದ ಅಲಗನ್ನು ಮೀಟಿ ಕೇಳಿದರು. ಅದು ಟಿಣ್ ಎನ್ನಲಿಲ್ಲ, ಟಪ್ ಎಂದಿತು. ಅವರು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಇದನ್ನು ನಾನು ತಮಾಷೆಯಾಗಿ ಬರೆಯಬಹುದಿತ್ತು. ಉಸ್ತರಾವನ್ನು ರೇಷ್ಮೆಯಲ್ಲಿ ಸುತ್ತಿ, "ಈರಪ್ಪಗ ನೀನs ಹೇಳು" ಎಂದರು.

ಹುಮನಾಬಾದಿಗೆ ನಡೆದೇ ಹೋದೆ. ಒಂದು ದಿನದ ದಾರಿ. ದಾರಿಯುದ್ದಕ್ಕೂ ಏಳು ಸುಳ್ಳು ಕಟ್ಟಿದೆ. ಒಂದರಲ್ಲಿ ಸಿಡಿಲು ಬಡಿದಿತ್ತು, ಇನ್ನೊಂದರಲ್ಲಿ ಮಂಗ ಬಂದಿತ್ತು. ಈರಪ್ಪನ ಮನೆಯ ಬಾಗಿಲಿಗೆ ಬಂದಾಗ ಅವರ ಮಗಳು ಕಸ್ತೂರಿ ಅಂಗಳ ಗುಡಿಸುತ್ತಿದ್ದಳು. ಹಿಂದೆ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳೇ ಆ ಅಕ್ಕ. ಏಳು ಸುಳ್ಳೂ ನಾಲಿಗೆಯಿಂದ ಇಳಿದು ಹೋದವು.

"ಉಸ್ತರಾ ಸುಟ್ಟಬಿಟ್ಟೀನ್ರಿ," ಎಂದೆ.

ಹೊರಗೆ ಬಂದ ಈರಪ್ಪ ರೇಷ್ಮೆ ಬಿಚ್ಚಿ ಅಲಗು ನೋಡಿದರು. ಕೇಳಿದವಳು ಕಸ್ತೂರಿ.

"ಯಾಕ ಸುಟ್ಟಿ?"

"ಕಿಡಿ ತೋರಸಾಕ."

"ಯಾರಿಗಿ?"

"ನಾಕು ಹುಡುಗೋರಿಗಿ."

ಅವಳು ಪೊರಕೆಯನ್ನು ಗೋಡೆಗೆ ಆನಿಸಿದಳು. "ಹಂಗಿದ್ರ ನನ್ನ ಲಗ್ನಕ್ಕ ಮದ್ದು-ಪಟಾಕಿ ತರೂದು ಬ್ಯಾಡ. ಇಂವನ್ನs ಕರದ್ರ ಆತು," ಎಂದಳು. ಕಟ್ಟೆಯ ಮೇಲಿನ ಮುದುಕಿ ನಕ್ಕಳು. ಕಸ್ತೂರಿ ನಗಲಿಲ್ಲ.

ಲಗ್ನ ಮರುವರ್ಷದ ಯುಗಾದಿಯ ನಂತರ. ಬೇರೆಯವರ ಉಸ್ತರಾ ಕೇಳಿ ತಂದರೆ ನಡೆಯುವುದಿಲ್ಲ, ಹೆಣ್ಣಿನ ಮನೆಯದೇ ಆಗಬೇಕು. ಪೇಟೆಯಲ್ಲಿ ಹೊಸದಿಲ್ಲ. ಹಾಗಾದರೆ ನಾವೇ ಮಾಡುವುದು ಎಂದರು ಚಾಚಾ. ಅಲಗು ಬಡಿಯುವುದು ಅಪ್ಪನ ಕುಲುಮೆಯಲ್ಲಿ, ಬಾಯಿ ಹಚ್ಚುವುದು ಚಾಚಾನ ಸಾಣೆಯಲ್ಲಿ, ಬಣ್ಣ ನೋಡುವುದು ನಾನು. ಪ್ರಶ್ನೆ ಒಂದೇ: ಯಾವ ಉಕ್ಕು?

ಆ ಮಳೆಗಾಲದಲ್ಲಿ ನಾವು ಉಸ್ತರಾ ಮಾಡಲು ನೋಡದ ವಸ್ತು ಜಗತ್ತಿನಲ್ಲಿ ಎರಡೇ: ಕುಂಬಳಕಾಯಿ ಮತ್ತು ನನ್ನ ತಲೆ. ಎರಡನೆಯದು ಸಾಕಷ್ಟು ಗಟ್ಟಿ ಇದೆ ಎಂದು ಅಪ್ಪ ಹೇಳಿದ್ದರು. ಮೊದಲು ಸವೆದ ಅರ ಹಿಡಿದೆವು. ಅರದ ಉಕ್ಕು ಒಳ್ಳೆಯದು. ಆದರೆ ಅಪ್ಪ ಕುಡಗೋಲಿಗೆ ಕೊಡುವಂತೆಯೇ ತಣ್ಣೀರು ಕೊಟ್ಟರು, ಅದು ಹಪ್ಪಳದಂತೆ ಚಟ್ ಎಂದು ಎರಡಾಯಿತು. ಆಮೇಲೆ ಬಡಿಗನ ಗರಗಸ. ಅದರಲ್ಲಿ ಮಾಡಿದ ಉಸ್ತರಾವನ್ನು ಅಪ್ಪನ ಮುಖದ ಮೇಲೆಯೇ ಪರೀಕ್ಷಿಸಿದೆವು. ಬಲಗೆನ್ನೆಗೆ ಅದು ಉಸ್ತರಾ ಆಗಿತ್ತು, ಎಡಗೆನ್ನೆಗೆ ಬರುವಷ್ಟರಲ್ಲಿ ಕಳೆ ಕೀಳುವ ಕುರ್ಪಿ ಆಯಿತು. ಅಪ್ಪ ಎದ್ದು ಓಡಿದರು. ಮೂರು ದಿನ ಅರ್ಧ ಮುಖದ ಗಡ್ಡದಲ್ಲೇ ತಿರುಗಿದರು. ಎಡಗಡೆಯಿಂದ ನೋಡಿದವರು ಒಬ್ಬ ಎಂದುಕೊಂಡರು, ಬಲಗಡೆಯಿಂದ ನೋಡಿದವರು ಇನ್ನೊಬ್ಬ ಎಂದುಕೊಂಡರು. ಇಬ್ಬರಿಗೂ ಸಂತೆಯಲ್ಲಿ ಬೇರೆ ಬೇರೆ ಜನ ನಮಸ್ಕಾರ ಮಾಡಿದರು.

ಗಡಿಯಾರದ ಸುರುಳಿಯನ್ನು ಬಿಚ್ಚಿ ಬಿದಿರಿನ ಸೀಳಿಗೆ ಸಿಕ್ಕಿಸಿ ನೋಡಿದೆವು. ಕೊಯ್ಯುವುದೇನೋ ಕೊಯ್ದಿತು, ಆದರೆ ಒತ್ತಿದರೆ ಬಾಗುತ್ತಿತ್ತು, ಬಿಟ್ಟರೆ ಜೀರುಂಡೆಯಂತೆ ಗುಂಯ್ ಎನ್ನುತ್ತಿತ್ತು. ಲಾರಿಯ ಕಮಾನುಪಟ್ಟಿ ಕುಡಗೋಲಿಗೆ ಲೇಸು, ಗಡ್ಡಕ್ಕೆ ಮಡಚಿಕೊಳ್ಳುತ್ತದೆ. ಒಬ್ಬ ಪುಣ್ಯಾತ್ಮ ಕಂಚಿನ ತಟ್ಟೆಯ ತುಂಡು ತಂದು, ಹಿಂದಿನ ಕಾಲದ ರಾಜರೆಲ್ಲ ಕಂಚಿನಿಂದಲೇ ಬೋಳಿಸಿಕೊಳ್ಳುತ್ತಿದ್ದರು ಎಂದ. ಅದಕ್ಕೇ ಚಿತ್ರಗಳಲ್ಲಿ ಅವರಿಗೆ ಗಡ್ಡ ಇರುತ್ತದೆ ಎಂದರು ಚಾಚಾ.

ನಾನು ನಕ್ಕು ನಕ್ಕು ಸಾಣೆ ತಿರುಗಿಸುವ ಪಟ್ಟಿಯನ್ನು ಕೈಬಿಟ್ಟೆ. ಆದರೆ ಚಾಚಾ ಪ್ರತಿಯೊಂದು ಸೋತ ತುಂಡನ್ನೂ ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಮೀಟಿ, ಬೆರಳಿನಿಂದ ಸವರಿ, ಅದು ಯಾಕೆ ಸೋತಿತೆಂದು ಅಪ್ಪನಿಗೆ ಹೇಳುತ್ತಿದ್ದರು. ಕಲ್ಲು, ಕಟ್ಟಿಗೆ, ಮನುಷ್ಯರಿಗಿಂತ ಉಕ್ಕಿನೊಂದಿಗೇ ಅವರಿಗೆ ಹೆಚ್ಚು ಸಲಿಗೆ. "ಇದು ಚೊಲೋ ಇತ್ತು, ನಾವು ಕೆಡಿಸಿದ್ವಿ" ಎನ್ನುತ್ತಿದ್ದರು. ಕಬ್ಬಿಣದ ಚೂರಿನ ಕ್ಷಮೆ ಕೇಳುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಆ ಭಾದ್ರಪದದಲ್ಲಿ ಸೋಲಾಪುರದ ಕಡೆಯಿಂದ ಭಾರತದ ಫೌಜು ಬಂತು, ನಿಜಾಮರ ಆಳಿಕೆ ಮುಗಿಯಿತು. ಅದಕ್ಕೆ ಮೊದಲು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಆದದ್ದನ್ನೂ ಅದರ ನಂತರ ಆದದ್ದನ್ನೂ ನಗಿಸುವ ಹಾಗೆ ಬರೆಯುವುದು ನನಗೆ ಬರುವುದಿಲ್ಲ. ನಾನು ಬರೆಯುವುದೂ ಇಲ್ಲ. ಚಾಚಾನ ಅಂಗಡಿ ನಲವತ್ತು ದಿನ ಮುಚ್ಚಿತ್ತು. ಅಪ್ಪ ದಿನಾ ಒಂದು ಹೊತ್ತು ಅವರ ಬಾಗಿಲಿಗೆ ಹೋಗಿ ಕೂತು ಬರುತ್ತಿದ್ದರು. ಆ ದಿನಗಳಲ್ಲಿ ಒಬ್ಬ ಉಸ್ತರಾ ಹಿಡಿದ ಇನ್ನೊಬ್ಬನ ಕೈಗೆ ಗಂಟಲು ಕೊಟ್ಟು ಕೂರುವುದು ಸಣ್ಣ ಮಾತಾಗಿರಲಿಲ್ಲ.

ನಲವತ್ತೊಂದನೆಯ ದಿನ ಈರಪ್ಪ ಬಂದರು. ಚಾಚಾನ ಬಾಗಿಲು ತಟ್ಟಿ ಹೆಗಲ ಚೀಲದಿಂದ ಒಂದು ಭಾರದ ವಸ್ತು ತೆಗೆದು ಅವರ ಅಂಗೈಯಲ್ಲಿಟ್ಟರು.

"ರೋಡಿನ ಮ್ಯಾಲ ಫೌಜಿನ ಲಾರಿ ಕೆಟ್ಟು ನಿಂತಿತ್ತ್ರಿ. ಗಾಲಿ ಬಿಚ್ಚಿ ಹೊಸಾದು ಹಾಕ್ಕೊಂಡು ಇದನ್ನ ಗಟಾರದಾಗ ಒಗದು ಹೋದ್ರು. ನೋಡ್ರಿ, ಏನರೆ ಆಗ್ತದೇನು."

ಅದು ಬೇರಿಂಗ್. ಎರಡು ಉಕ್ಕಿನ ಬಳೆಗಳು, ಒಂದರೊಳಗೊಂದು, ನಡುವೆ ಗುಂಡುಗಳು. ಚಾಚಾ ಗುಂಡು ಉದುರಿಸಿ ದೊಡ್ಡ ಬಳೆಯನ್ನು ದಾರಕ್ಕೆ ತೂಗುಹಾಕಿ ಉಗುರಿನಿಂದ ಮೀಟಿದರು. ಆ ಸದ್ದು ಎದ್ದಿತು, ಎದ್ದೇ ಇತ್ತು. ಗುಡಿಯ ಗಂಟೆಯ ಸದ್ದು ಅಲ್ಲ, ಅದಕ್ಕಿಂತ ತೆಳು. ದಾರದಂತೆ ಅಂಗಡಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕಟ್ಟಿಕೊಂಡಿತು. ನಾವು ಮೂವರೂ ಅದು ಮುಗಿಯಲೆಂದು ಕಾದೆವು. ಇಂದಿಗೂ ಅದು ಎಲ್ಲೋ ಮುಗಿಯದೆ ಇದೆ ಎಂದು ನನಗೆ ಅನುಮಾನ.

"ಯಾ ಅಲ್ಲಾ," ಎಂದರು ಚಾಚಾ ಮೆಲ್ಲಗೆ. "ಇದನ್ನ ಗಟಾರಕ್ಕ ಒಗದ್ರೇನು?"

ದೊಡ್ಡ ಬಳೆಯನ್ನು ಕತ್ತರಿಸಿ, ಕಾಸಿ, ನೆಟ್ಟಗೆ ಮಾಡಿ, ಬಡಿಯಲು ಅಪ್ಪನಿಗೆ ಎಂಟು ದಿನ ಬೇಕಾಯಿತು. ಸುತ್ತಿಗೆ ಬಿದ್ದರೆ ಬೇರೆ ಉಕ್ಕು ಬಾಗುತ್ತದೆ, ಇದು ಸುತ್ತಿಗೆಗೇ ಎದುರು ಮಾತಾಡುತ್ತಿತ್ತು. ಈ ಸಲ ತಣ್ಣೀರು ಕೊಡಲಿಲ್ಲ. ಅರ ಸೀಳಿದ್ದನ್ನು ಚಾಚಾ ಮರೆತಿರಲಿಲ್ಲ. ಕುಸುಬಿ ಎಣ್ಣೆ ಕೊಟ್ಟರು. ಕತ್ತಲಲ್ಲಿ ಕೆಂಪು ಸರಿಯಾಗಿ ಕಾಣಲೆಂದು ಕುಲುಮೆಯ ಬಾಗಿಲು ಮುಚ್ಚಿ, ಅಲಗು ದಾಳಿಂಬೆ ಕಾಳಿನ ಬಣ್ಣಕ್ಕೆ ಬಂತೆಂದು ನಾನು ಕೂಗಿದಾಗ ಅಪ್ಪ ಎಣ್ಣೆಗೆ ಅದ್ದಿದರು. ಓಣಿಯ ತುಂಬ ಬಜಿ ಕರಿದ ವಾಸನೆ. ಆರು ಜನ ಬಟ್ಟಲು ಹಿಡಿದುಕೊಂಡು ಬಂದು ನಿಂತರು.

ಎಣ್ಣೆ ಕುಡಿದ ಅಲಗು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಪೆಡಸು. ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಕಾದ ಕಬ್ಬಿಣದ ಹಲಗೆಯ ಮೇಲೆ ಬೆನ್ನು ಕೆಳಗಾಗಿ ಇಟ್ಟು, ಮೆಲ್ಲಗೆ ಬಿಸಿ ಏರಿಸಬೇಕು. ಆಗ ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ನಡೆದುಬರುತ್ತವೆ. ಮೊದಲು ಒಣಗಿದ ಜೋಳದ ದಂಟಿನ ಹಳದಿ, ಅದರ ಹಿಂದೆ ಬೆಲ್ಲ, ಅದರ ಹಿಂದೆ ಬದನೆಕಾಯಿ, ಕೊನೆಗೆ ನಾನು ಮೊದಲೇ ಕಂಡಿದ್ದ ಆ ಪಾರಿವಾಳದ ನೀಲಿ. ಬಾಯಿಗೆ ದಂಟಿನ ಹಳದಿ ತಲುಪಿದ ಕ್ಷಣ ಎತ್ತಿ ಅದ್ದಿ ಬಿಸಿ ನಿಲ್ಲಿಸಬೇಕು. ಮುಂಚೆ ಎತ್ತಿದರೆ ಅಂಚು ಉದುರುತ್ತದೆ, ತಡವಾದರೆ ಮಡಚಿಕೊಳ್ಳುತ್ತದೆ.

"ಹೇಳು," ಎಂದರು ಚಾಚಾ, ಇಕ್ಕಳ ಹಿಡಿದು.

ಬೆನ್ನಿನ ಹತ್ತಿರ ಹಳದಿ ಮೂಡಿತು. ಅಷ್ಟು ಚಂದದ ವಸ್ತುವನ್ನು ನಾನು ನೋಡಿರಲಿಲ್ಲ. ಬಿಳಿಯ ಉಕ್ಕಿನೊಳಗಿಂದ ಬೆಳಗಾಗುವ ಹಾಗೆ ಅದು ಏರುತ್ತಿತ್ತು. ಬಾಗಿಲಲ್ಲಿ ಆ ಆರು ಜನ ಇನ್ನೂ ನಿಂತಿದ್ದರು. ನನ್ನ ಬಾಯಿ ತಾನಾಗಿ ತೆರೆಯಿತು.

"ಬಂಗಾರ ಆಗ್ಯದ ಚಾಚಾ! ಪೂರಾ ಬಂಗಾರ! ಸೂರ್ಯಾ ಹುಟ್ಟ್ಯಾನ!"

ಚಾಚಾ ಎತ್ತಿ ಅದ್ದಿಬಿಟ್ಟರು.

ವಾರದ ನಂತರ ಈರಪ್ಪ ಅದನ್ನು ತಮ್ಮದೇ ಗಲ್ಲದ ಮೇಲೆ ಎಳೆದುಕೊಂಡರು. ಎರಡನೆಯ ಎಳೆತಕ್ಕೆ ಅಂಚಿನಲ್ಲಿ ಮೂರು ಹಲ್ಲು ಬಿದ್ದವು. ಗಲ್ಲದಿಂದ ರಕ್ತ ಕುತ್ತಿಗೆಗೆ ಇಳಿಯಿತು. ಅವರು ಅದನ್ನು ಒರೆಸಿಕೊಳ್ಳದೆ ಉಸ್ತರಾವನ್ನೇ ನೋಡುತ್ತಿದ್ದರು.

ಚಾಚಾ ಅಲಗನ್ನು ಮೀಟಿ ಕೇಳಿದರು. "ಮೋನ್ಯಾ, ಬಾಯಿ ತನಾ ಹಳದಿ ಬಂದಿತ್ತೇನು?"

"ಬರಾಕತ್ತಿತ್ರಿ."

"ಎಲ್ಲಿ ತನಾ ಬಂದಿತ್ತು?"

"ಅರ್ಧಕ್ಕ."

ಅವರು ಅಲಗನ್ನು ಕೆಳಗಿಟ್ಟರು. "ನನಗ ಕಣ್ಣಿಲ್ಲ ಮಗಾ. ನೀ ಏನ್ ಹೇಳ್ತಿ ಅದs ನನಗ ಕಾಣ್ತದ. ನೀ ಸೂರ್ಯಾ ಅಂದ್ರ ನನಗ ಸೂರ್ಯಾನs ಕಾಣ್ತದ," ಎಂದರು.

ಹೊಸ ಹುಡುಗರೇ, ನನಗೆ ಬಿದ್ದ ಪೆಟ್ಟುಗಳ ಲೆಕ್ಕ ನನ್ನ ಹತ್ತಿರ ಇಲ್ಲ. ಈ ಮಾತು ಮಾತ್ರ ಇದೆ.

ಉಳಿದದ್ದು ಒಳಗಿನ ಸಣ್ಣ ಬಳೆ. ಒಂದು ಉಸ್ತರಾಕ್ಕೆ ಸರಿಯಾಗಿ ಸಾಕು, ಎರಡನೆಯದಕ್ಕೆ ಇಲ್ಲ. ಅಪ್ಪ ಮತ್ತೆ ಬಡಿದರು, ಮತ್ತೆ ಕುಸುಬಿ ಎಣ್ಣೆ, ಮತ್ತೆ ಬಟ್ಟಲು ಹಿಡಿದವರು. ಈ ಸಲ ಅವರನ್ನು ನಾನೇ ಓಡಿಸಿದೆ. ಬೆಳಗಿನ ಬಿಸಿಲು ನೆಟ್ಟಗೆ ಬೀಳುವ ಕಡೆ ಹಲಗೆ ಇಟ್ಟೆವು. ಚಾಚಾ ಇಕ್ಕಳ ಹಿಡಿದು ಕೂತರು. ಅವರ ಮುಖ ನನ್ನ ಕಡೆ ತಿರುಗಿತ್ತು, ಅಲಗಿನ ಕಡೆ ಅಲ್ಲ.

"ಹೇಳು."

"ಬೆನ್ನಿಗಿ ಹಳದಿ ಬಂದದ್ರಿ. ನಡಕ ಏನೂ ಇಲ್ಲ. ಬಾಯಿ ಬೆಳ್ಳಗದ."

"ಹೇಳು."

"ಬೆನ್ನು ಬೆಲ್ಲ. ನಡಕ ಹಳದಿ. ಬಾಯಿ ಬೆಳ್ಳಗs ಅದ."

"ಹೇಳು."

"ಬೆನ್ನು ಬದನಿಕಾಯಿ ಆಗಾಕತ್ತದ. ಬಾಯಿಗಿ… ತಡೀರಿ… ಹಿಡಿ ಕಡಿಗಿ ಹಳದಿ ಮುಟ್ಟ್ಯದ. ತುದಿಗಿ ಇಲ್ಲ."

"ಬಂತು ಅನ್ನಲೇನು?"

ನನ್ನ ನಾಲಿಗೆ ಹೌದೆನ್ನಲು ತುದಿಗಾಲಲ್ಲಿ ನಿಂತಿತ್ತು. ಎಷ್ಟೋ ದಿನಗಳ ಅಭ್ಯಾಸ ಅದು. ಕಣ್ಣುಗಳು ನೀರಾಡುತ್ತಿದ್ದವು, ರೆಪ್ಪೆ ಹೊಡೆಯಲಿಲ್ಲ.

"ಅನಬ್ಯಾಡ್ರಿ. ಇನ್ನಾ ಎರಡು ಬೆರಳಷ್ಟು ಬಿಳೀದು ಉಳದದ. ಒಂದು ಬೆರಳು. ಉಗರಿನಷ್ಟು. ಈಗ! ಎತ್ರಿ!"

ಚಾಚಾ ಎತ್ತಿ ಅದ್ದಿದರು. ಹೊರತೆಗೆದಾಗ ಹಳದಿಯ ಒಂದು ಗೆರೆ ಬಾಯಿಯುದ್ದಕ್ಕೂ ಹಿಡಿಯಿಂದ ತುದಿಯವರೆಗೆ ಒಂದೇ ಸಮ ನಿಂತಿತ್ತು. ಜೋಳದ ದಂಟಿನ ಬಣ್ಣ. ನಾನು ಅದನ್ನು ನೋಡುತ್ತಲೇ ನಿಂತೆ. ಯಾರಿಗೂ ಏನೂ ಹೇಳಬೇಕೆನಿಸಲಿಲ್ಲ. ಅಪ್ಪ ನನಗೆ ಜ್ವರ ಬಂದಿದೆಯೆಂದು ಹಣೆ ಮುಟ್ಟಿ ನೋಡಿದರು.

ಬಾಯಿ ಹಚ್ಚಲು ಚಾಚಾ ಹನ್ನೆರಡು ದಿನ ತೆಗೆದುಕೊಂಡರು. ಸುಟ್ಟುಹೋದ ಹಳೆಯ ಉಸ್ತರಾದ ಕೊಂಬಿನ ಹಿಡಿಯನ್ನು ಇದಕ್ಕೆ ಕೂರಿಸಿದರು. ಈರಪ್ಪ ಅದನ್ನು ಒಮ್ಮೆಯೂ ಪರೀಕ್ಷಿಸಲಿಲ್ಲ. "ಕೆಟ್ಟದ್ದಿದ್ರ ಈಗ ಗೊತ್ತಾಗಿ ಏನ್ ಮಾಡ್ಲಿ? ಇನ್ನೊಂದು ಬಳಿ ಇಲ್ಲ," ಎಂದರು.

ಲಗ್ನ ಹುಮನಾಬಾದಿನಲ್ಲಿ, ಈರಪ್ಪನ ಅಂಗಳದ ಹಂದರದಲ್ಲಿ. ಅಪ್ಪನೂ ಬಂದಿದ್ದರು, ಚಾಚಾನನ್ನು ನಾನು ಕೈಹಿಡಿದು ಕರೆದುಕೊಂಡು ಹೋಗಿದ್ದೆ. ಸನಾದಿ ನಿಂತಿತು. ಈರಪ್ಪ ಉಸ್ತರಾವನ್ನು ತಟ್ಟೆಯಲ್ಲಿಟ್ಟು ಬೀಗರ ಮುಂದೆ ಹಿಡಿದರು. ಹುಲಸೂರಿನ ಸಿದ್ರಾಮಪ್ಪ ಎತ್ತರದ ಮನುಷ್ಯ, ತೆಂಗಿನ ಮರದ ಮೇಲೆ ರುಮಾಲು ಸುತ್ತಿದಂತೆ. ಐವತ್ತು ವರ್ಷ ಗಡ್ಡ ಕೆರೆದ ಬೆರಳು. ಅಲಗನ್ನು ಸವರಿ ನೋಡಿದರು.

"ಯಾವ ದೇಶದ್ದು ಬೀಗರ?"

ನಾನು ಜರ್ಮನಿ ಎನ್ನಲು ಉಸಿರು ಎಳೆದುಕೊಂಡಿದ್ದೆ. ಚಾಚಾ ನನ್ನ ತೋಳು ಹಿಡಿದರು. ಈರಪ್ಪ ಹೇಳಿದರು: "ಇಲ್ಲೀದs ಅದರಿ. ಲಾರಿ ಗಾಲಿಯ ಬೇರಿಂಗಿನಾಗ ಮಾಡಿದ್ದು."

ಹಂದರದ ತುಂಬ ಗುಸುಗುಸು. "ಗಾಲಿಯೊಳಗಿಂದು ನನ್ನ ಮಗನ ಕುತಗಿಗಿ?" ಎಂದರು ಸಿದ್ರಾಮಪ್ಪ. "ಹೊಸಾ ಉಸ್ತರಾ ಅಂದ್ರ ಮಾಡಿದಾಂವನ ಗಲ್ಲ ಮೊದಲ. ಯಾರು ಮಾಡಿದ್ದು?"

ಎಲ್ಲರೂ ಚಾಚಾನನ್ನು ನೋಡಿದರು. ಚಾಚಾ ತಮ್ಮ ಎದೆಯವರೆಗಿನ ಗಡ್ಡ ತೋರಿಸಿದರು. "ಇದು ಅಲ್ಲಾನ ಅಮಾನತ್ತು, ಅಂವ ಕಾದಿಡಾಕ ಕೊಟ್ಟದ್ದು, ಮುಟ್ಟಬ್ಯಾಡ್ರಿ. ಬಣ್ಣ ನೋಡಿದಾಂವ ಇಂವ. ಇಂವನ್ನ ಕೂಡಸ್ರಿ."

ನನಗೆ ಆಗ ಇದ್ದ ಗಡ್ಡ ಹನ್ನೊಂದು ಕೂದಲು. ಒಂದೊಂದಕ್ಕೂ ಹೆಸರಿಟ್ಟು ಸಾಕಿದ್ದೆ. ಮಣೆಯ ಮೇಲೆ ಕೂತೆ. ಈರಪ್ಪನ ಎಡಗೈ ನನ್ನ ಗಲ್ಲ ಎತ್ತಿತು. ಕಸ್ತೂರಿ ಬಾಗಿಲ ಹಿಂದೆ ಲಗ್ನ ಮುರಿದಿದ್ದ ಸೋದರತ್ತೆಯ ಸೆರಗು ಹಿಡಿದು ನಿಂತಿದ್ದಳು. ಆ ಹಳದಿ ತುದಿಯವರೆಗೆ ಬಂದಿತ್ತೋ, ನಾನೇ ಬಂತೆಂದುಕೊಂಡೆನೋ ಎಂದು ನನಗೇ ಅನುಮಾನ ಶುರುವಾಯಿತು. ಕಣ್ಣು ಮುಚ್ಚಿ ಕಾದೆ.

"ಯಾವಾಗ ಹಚ್ತೀರಿ?" ಎಂದೆ.

"ಮುಗದದ, ಏಳು," ಎಂದರು ಈರಪ್ಪ.

ಹನ್ನೊಂದೂ ಹೋಗಿದ್ದವು. ಸಿದ್ರಾಮಪ್ಪ ನನ್ನ ಗಲ್ಲ ತಿರುಗಿಸಿ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಸವರಿದರು. "ಇಂವನ ಗಡ್ಡ ಗಡ್ಡ ಅಲ್ಲ. ಆದ್ರೂ ಆತು," ಎಂದು ಮಗನಿಗೆ ಕೂಡಲು ಸನ್ನೆ ಮಾಡಿದರು.

ಮದುಮಗನ ಗಡ್ಡ ಗಡ್ಡವೇ ಆಗಿತ್ತು, ಒಣಗಿದ ಜಾಲಿ. ಈರಪ್ಪ ನೀರು ಹಚ್ಚಿದರು. ಬಲಗೆನ್ನೆ. ಎಡಗೆನ್ನೆ. ಅಲ್ಲೇ ಗರಗಸದ ಉಸ್ತರಾ ಸೋತದ್ದು ನೆನಪಾಗಿ ಅಪ್ಪ ತಮ್ಮ ಕೆನ್ನೆ ಹಿಡಿದುಕೊಂಡರು. ಇದು ಸೋಲಲಿಲ್ಲ. ಆಮೇಲೆ ಈರಪ್ಪ ಅಳಿಯನ ತಲೆಯನ್ನು ಹಿಂದಕ್ಕೆ ಬಾಗಿಸಿದರು. ಗಂಟಲ ಮಣಿಯ ಕೆಳಗೆ ಅಲಗು ಇಟ್ಟರು. ಅವರ ಬೆನ್ನು ಎಲ್ಲರಿಗೂ ಅಡ್ಡ ಬಂತು. ಮುಖ ಕಾಣುತ್ತಿರಲಿಲ್ಲ, ಕೈ ಕಾಣುತ್ತಿರಲಿಲ್ಲ. ಇನ್ನೂರು ಜನರ ಹಂದರದಲ್ಲಿ ಒಂದೇ ಸದ್ದು, ಕೆಳಗಿನಿಂದ ಮೇಲಕ್ಕೆ, ಒಂದೇ ಎಳೆತ, ರೇಷ್ಮೆ ಹರಿದಂತೆ.

ಚಾಚಾ ನನ್ನ ಪಕ್ಕದಲ್ಲಿ ಕಿವಿ ವಾಲಿಸಿಕೊಂಡು ನಿಂತಿದ್ದರು.

"ಆತು," ಎಂದರು. "ರಕ್ತ ಇಲ್ಲ. ಸನಾದಿ ಊದ್ರೋ."

ಸನಾದಿಯವರು ಊದಿದರು. ಆಮೇಲೆ ಈರಪ್ಪ ಪಕ್ಕಕ್ಕೆ ಸರಿದರು, ಉಳಿದವರೆಲ್ಲ ನೋಡಿದರು.